ಇಂಡಿ ತಾಲ್ಲೂಕಿನ ನಿಂಬೆ ಪಂಡಿತ

ಜನವರಿ ೯

ನೋವು: ಹತ್ತಕ್ಕೆ ಏಳು.

ಫಿಸಿಯೋಥೆರಪಿ ಮೇಡಂ ಕೇಳಿದ್ದು ದಿನಕ್ಕೊಂದು ಅಂಕಿ. "ಶಿವರಾಯಜೀ, ರೋಜ್ ಏಕ್ ನಂಬರ್ ಲಿಖೋ. ಝೀರೋ ಮತ್‌ಲಬ್ ದರ್ದ್ ನಹೀಂ, ದಸ್ ಮತ್‌ಲಬ್ ಬಹುತ್ ದರ್ದ್." ಆ ಒಂದು ಅಂಕಿಗಾಗಿ ಇನ್ನೂರು ಪುಟದ ನೋಟ್‌ಬುಕ್ ಕೊಂಡು ತಂದ ಜಾಣ ನಾನು. ಅಂಕಿ ಬರೆದ ಮೇಲೆ ಪುಟವೂ ಖಾಲಿ, ನಾನೂ ಖಾಲಿ. ಹಾಗಾಗಿ ಬರೆಯುತ್ತಿದ್ದೇನೆ.

ಮಹಾರಾಷ್ಟ್ರದ ಈ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಸಳಿ, ಅಂದರೆ ಕಬ್ಬಿಣದ ಸರಳು, ಹೊತ್ತು ಲಾರಿ ತುಂಬಿಸಿದ ಮೈ ಇದು. ನವೆಂಬರಿನಲ್ಲಿ ಬೆನ್ನು ಹೋಯಿತು. ಸಳಿ ಹೊತ್ತಾಗ ಅಲ್ಲ. ಊಟ ಮುಗಿಸಿ ಎಲ್ಲರೂ ಕೈ ತೊಳೆಯಲು ಹೋಗಿದ್ದಾಗ, ಕೆಳಗೆ ಬಿದ್ದ ತಂಬಾಕಿನ ಡಬ್ಬಿ ಎತ್ತಿಕೊಳ್ಳಲು ಬಗ್ಗಿದೆ. ಮತ್ತೆ ನೆಟ್ಟಗಾಗಲಿಲ್ಲ. ಜೊತೆಯ ಹಮಾಲರಿಗೆ, ನಮ್ಮ ಟೋಳಿಯವರಿಗೆ ಮಾತ್ರ ಹನ್ನೆರಡು ಎಂಎಂ ಸಳಿಯ ಕಟ್ಟು ಜಾರಿ ಬೆನ್ನಿಗೆ ಬಡಿಯಿತು ಎಂದಿದ್ದೇನೆ. ತಂಬಾಕಿನ ಡಬ್ಬಿಗೆ ಸೋತವನು ಎಂದು ಹೆಸರಾದರೆ ಪೇಟೆಯಲ್ಲಿ ಮುಖ ಎಲ್ಲಿಡುವುದು?

ಆರು ತಿಂಗಳು ಎರಡು ಕಿಲೋಗಿಂತ ಹೆಚ್ಚು ಎತ್ತಬಾರದು ಎಂದು ಡಾಕ್ಟರರ ಆಜ್ಞೆ. ಎರಡು ಕಿಲೋ ಎಂದರೆ ಒಂದು ಸಣ್ಣ ಕಲ್ಲಂಗಡಿ ಹಣ್ಣು. ದೊಡ್ಡದಾದರೆ ಅದೇ ನನ್ನನ್ನು ಎತ್ತಬೇಕು.

ಡಿಸೆಂಬರಿನಿಂದ ಕಾಂಚನಾ ಹೈವೇ ಪಕ್ಕದ ಒಂದು ನರ್ಸರಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ. ನನ್ನ ಹೆಂಡತಿ ಮಣ್ಣು ಹೊರುವುದು ಬೇಡ ಎಂದೆ. "ಹಂಗಾದ್ರ ನೀವ ಹೋಗ್ರಿ" ಎಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ಚಹಾ, ಗುಳಿಗೆ, ನೀರಿನ ಟ್ಯಾಂಕರು, ಇವಿಷ್ಟೇ ಮಾತು.

ಜನವರಿ ೧೪

ನೋವು: ಆರು.

ಲಿಫ್ಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಪುಂಡರೀಕಾಕ್ಷರು ಸಿಕ್ಕರು. ಉಡುಪಿಯವರು, ನೆರೂಳಿನ ಶಾಕಾಹಾರಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಮೂವತ್ತು ವರ್ಷ ಕೂತು ಈಗ ನಿವೃತ್ತರು. ಮೇಲಿನ ಮಾಳಿಗೆಯಲ್ಲಿ ಇರುತ್ತಾರೆ. ನಾವು ಈ ಕಾಮೋಠೆಯ ಕಟ್ಟಡಕ್ಕೆ ಬಾಡಿಗೆಗೆ ಬಂದು ಎರಡು ವರ್ಷವಾದರೂ ಅವರು ನನ್ನನ್ನು ಮಾತನಾಡಿಸಿದ್ದು ಪಾರ್ಕಿಂಗ್ ವಿಷಯಕ್ಕೆ ಮಾತ್ರ, ಅದೂ ನನ್ನ ಬಳಿ ಗಾಡಿ ಇಲ್ಲ ಎಂದು ತಿಳಿಯುವವರೆಗೆ.

"ನಿಮ್ಮದು ಯಾವ ಊರು?" ಎಂದರು.

"ಇಂಡಿ ತಾಲೂಕರಿ. ವಿಜಯಪುರ ಜಿಲ್ಲಾ."

"ಇಂಡಿಯಾ? ನಿಂಬೆಹಣ್ಣಿನ ಇಂಡಿಯಾ?" ಅವರ ಮುಖ ಅರಳಿತು. "ನಮ್ಮ ಟೆರೇಸಿನಲ್ಲಿ ಆರು ಗಿಡ ಉಂಟು ಮಾರಾಯ್ರೆ. ಎಲೆ ಎಲ್ಲ ಹಳದಿ. ನಿಮಗೆ ಗೊತ್ತಿರ್ಬೇಕಲ್ಲ?"

ಗೊತ್ತಿಲ್ಲ ಎನ್ನುವುದು ಒಂದೇ ಪದ. ನಾನು ಹೇಳಿದ್ದು: "ಗೊತ್ತಿಲ್ದೇನ್ರಿ! ನಿಂಬಿಗಿಡ ಅಂದ್ರ ನಮಗ ಮನಿ ಮಗ ಇದ್ದಂಗ."

ನಮ್ಮ ವಂಶದಲ್ಲಿ ಯಾರೂ, ಎಂದೂ ಇಂಥ ಮಾತು ಆಡಿದವರಲ್ಲ. ನಿಂಬೆಗೂ ನನಗೂ ಇದ್ದದ್ದು ಮುಳ್ಳಿನ ಸಂಬಂಧ. ತೋಟ ನಮ್ಮದಾಗಿರಲಿಲ್ಲ.

ಜನವರಿ ೧೬

ನೋವು: ಆರು. ಮೆಟ್ಟಿಲು ಹತ್ತಿದ ಮೇಲೆ ಏಳು.

ಲಿಫ್ಟು ನಾಲ್ಕನೇ ಮಾಳಿಗೆಯವರೆಗೆ. ಅಲ್ಲಿಂದ ಟೆರೇಸಿಗೆ ಹದಿನೆಂಟು ಮೆಟ್ಟಿಲು. ಐದು ಕುಂಡಗಳಲ್ಲಿ ನಿಂಬೆ. ಆರನೆಯದು ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ. ಸೆಕ್ರೆಟರಿಯವರ ಹೆಂಡತಿ ವಾರಿಜಕ್ಕ ಅದರ ಪಕ್ಕದಲ್ಲೇ ನಿಂತಿದ್ದರು, ಕಾವಲಿಗೆ ಎಂಬಂತೆ.

"ಇದು ಕಂಚಿಹುಳಿ. ಉಪ್ಪಿನಕಾಯಿ ಹಾಕುವುದು," ಎಂದರು. "ನನ್ನ ತವರಿನ ಹಿತ್ತಲಲ್ಲಿ ದೊಡ್ಡ ಮರ ಇತ್ತು. ರಸ್ತೆ ಅಗಲ ಮಾಡುವಾಗ ಕಡಿದರು. ಅದಕ್ಕೆ ಮೊದಲೇ ಕಸಿ ಕಟ್ಟಿಸಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಕೊಂಡು ಬಂದದ್ದು. ಆ ಐದು ಇವರದ್ದು. ಅವು ಸತ್ತರೂ ನನಗೇನಿಲ್ಲ. ಇದು ಉಳಿಬೇಕು, ಆಯ್ತಾ?"

ನಾನು ಒಂದು ಎಲೆ ಹಿಡಿದು, ಬಿಸಿಲಿಗೆ ಎತ್ತಿ, ಹಿಂದೆ ಮುಂದೆ ತಿರುಗಿಸಿ, "ಹ್ಞೂಂ" ಎಂದೆ. ಡಾಕ್ಟರರು ನನ್ನ ಎಕ್ಸ್-ರೇ ನೋಡಿ ಹಾಗೆಯೇ ಎಂದಿದ್ದರು.

ಜನವರಿ ೨೮

ನೋವು: ಆರು.

ಮೊದಲು ಮಣ್ಣು ಬದಲಿಸಬೇಕು ಎಂದು ಘೋಷಿಸಿಬಿಟ್ಟಿದ್ದೇನೆ. ಯಾವ ಮಣ್ಣು ಎಂಬುದು ನನಗೇ ಗೊತ್ತಿಲ್ಲ. ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದೆ. ಒಬ್ಬ ಹೇಳುತ್ತಾನೆ ಕೋಕೋಪೀಟ್ ಇಲ್ಲದೆ ನಿಂಬೆ ಬದುಕದು, ಇನ್ನೊಬ್ಬ ಹೇಳುತ್ತಾನೆ ಕೋಕೋಪೀಟ್ ಹಾಕಿದರೆ ಬೇರು ಕೊಳೆಯುತ್ತದೆ. ಮೂರನೆಯವನು ತನ್ನದೇ ಕಂಪನಿಯ ಚೀಲ ತೋರಿಸುತ್ತಾನೆ. ಅಂಗಡಿಯಲ್ಲಿ ಅಂಥದೇ ಐದು ಕಿಲೋ ಚೀಲಕ್ಕೆ ಇನ್ನೂರೈವತ್ತು. ಆರು ಕುಂಡಕ್ಕೆ ಇಪ್ಪತ್ತು ಚೀಲವಾದರೂ ಬೇಕು. ಪುಂಡರೀಕಾಕ್ಷರು ಬೆವರು ಒರೆಸಿಕೊಂಡು, "ಮಣ್ಣಿಗೆ ಐದು ಸಾವಿರವಾ? ನಾವು ಹೋಟೆಲಿನಲ್ಲಿ ಇಡ್ಲಿ ಮಾರಿದ್ದು ಮಾರಾಯ್ರೆ, ಚಿನ್ನ ಅಲ್ಲ," ಎಂದರು.

ಸಂಜೆ ಮನೆಯಲ್ಲಿ ಇದನ್ನೇ ಗೊಣಗುತ್ತಿದ್ದೆ. ಕಾಂಚನಾ ನರ್ಸರಿಯಿಂದ ಬಂದು ಉಗುರಿನ ಸಂದಿಯ ಮಣ್ಣು ತೊಳೆಯುತ್ತಿದ್ದಳು. "ಒಂದು ಪಾಲು ಕೆಂಪಮಣ್ಣು, ಒಂದು ಪಾಲು..." ಎಂದು ಶುರುಮಾಡಿದಳು.

"ನಾ ನೋಡ್ಕೋತೀನಿ ಬಿಡು," ಎಂದೆ.

ಮಗಳು ಪ್ರಜ್ಞಾ ಪುಸ್ತಕದಿಂದ ತಲೆ ಎತ್ತಿದಳು. ಹನ್ನೆರಡನೆಯ ತರಗತಿ. ಕನ್ನಡ ತಿಳಿಯುತ್ತದೆ, ಬಾಯಿಂದ ಹಿಂದಿಯೇ ಬರುತ್ತದೆ. "ಪಪ್ಪಾ, ಮಮ್ಮೀ ಸೇ ಪೂಛೋ ನಾ. ಉಸ್‌ಕಾ ತೋ ಕಾಮ್ ಹೀ ಯಹೀ ಹೈ."

ಅಮ್ಮನ ಕೆಲಸವೇ ಇದು, ಅವಳನ್ನೇ ಕೇಳು ಅಂತೆ! ನೀನು ಓದಿಕೋ ಎಂದೆ.

ಫೆಬ್ರವರಿ ೬

ನೋವು: ಆರು.

ಎಲೆಯ ಫೋಟೋ ಯಾರಿಗೋ ಕಳಿಸಿದ ಪುಂಡರೀಕಾಕ್ಷರು ಓಡಿ ಬಂದರು. ನರ ಹಸಿರು, ಎಲೆ ಹಳದಿ ಇದ್ದರೆ ಕಬ್ಬಿಣದ ಕೊರತೆಯಂತೆ.

ಕಬ್ಬಿಣ! ಎದೆಯುಬ್ಬಿತು. ಈ ಜಗತ್ತಿನಲ್ಲಿ ಕಬ್ಬಿಣ ಬೇಕಾದವರು ಬರಬೇಕಾದದ್ದೇ ನನ್ನ ಬಳಿಗೆ. ಟೋಳಿಯ ಗೆಳೆಯ ಜೈಭೀಮನಿಗೆ ಫೋನ್ ಮಾಡಿದೆ. ಅವನು ಗೋದಾಮಿನ ನೆಲ ಗುಡಿಸಿ ಒಂದು ಚೀಲ ತುಕ್ಕು, ಜೊತೆಗೆ ಕಾಣಿಕೆಯಾಗಿ ನಾಲ್ಕು ಹಳೆಯ ಬೋಲ್ಟು ತಂದುಕೊಟ್ಟ. "ಅಣ್ಣಾ, ಗಿಡ ಕಬ್ಬಿಣ ತಿಂತಾವೇನು?" ಎಂದು ಕೇಳಿದ.

"ನಾವು ತಿಂದಿಲ್ಲೇನು ಇಷ್ಟ ವರ್ಷ?" ಎಂದೆ. ಆರೂ ಕುಂಡಗಳಿಗೆ ಹಂಚಿದೆ.

ಫೆಬ್ರವರಿ ೨೫

ನೋವು: ಐದು.

ಗಿಡ ಹಳದಿಯೇ. ಮಣ್ಣು ಮಾತ್ರ ಕೆಂಪಾಗಿದೆ.

ಎದುರಿನ ಪ್ಲಾಟಿನಲ್ಲಿ ಪಾಯ ಅಗೆಯುತ್ತಿದ್ದಾರೆ. ಕಳೆದ ವಾರ ಅಲ್ಲಿಂದ ಬಿಟ್ಟಿ ಮುರುಮು, ಅಂದರೆ ಗರಸು ಮಣ್ಣು, ಸಿಕ್ಕಿತು. ಜೈಭೀಮ ಎರಡು ಚೀಲ ಮೇಲೆ ಹೊತ್ತು ಕೊಟ್ಟ. ಅವನು ಹದಿನೆಂಟು ಮೆಟ್ಟಿಲು ಹತ್ತುವಾಗ ನಾನು ಹಿಂದಿನಿಂದ "ಸಂಭಾಳಿಸಿ, ಸಂಭಾಳಿಸಿ" ಎನ್ನುತ್ತಿದ್ದೆ. ಹೊರುವವನಿಗಿಂತ ಹೇಳುವವನಿಗೆ ದಣಿವು ಹೆಚ್ಚು ಎಂದು ಟೋಳಿಯ ಮುಖ್ಯಸ್ಥ ಮುಕಾದಮ ಹೇಳುತ್ತಿದ್ದುದು ಸುಳ್ಳಲ್ಲ.

ಎರಡು ನಿಂಬೆ ಕುಂಡಕ್ಕೆ ಮುರುಮು ತುಂಬಿ ನೀರು ಹಾಕಿದೆ. ನೀರು ಇಳಿಯಲೇ ಇಲ್ಲ. ಮೂರನೆಯ ದಿನ ಹೋಗಿ ನೋಡಿದರೆ ಒಂದು ಕಾಗೆ ಅದರಲ್ಲಿ ಸ್ನಾನ ಮಾಡುತ್ತಿತ್ತು.

ಇಂದು ರಜೆ ಎಂದು ಕಾಂಚನಾ ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದಳು. ಕೆಳಗೆ ಬಂದು ನೇರ ಒಳಗೆ ಹೋದಳು. ಅಡುಗೆ ಮನೆಯಲ್ಲಿ ಒಬ್ಬಳೇ ನಕ್ಕಿದ್ದು ಕೇಳಿಸಿತು.

ಮಾರ್ಚ್ ೩

ನೋವು: ಐದು.

ಬಾಗಿಲ ಬಳಿ ಕಾಂಚನಾ ಎರಡು ಗಟ್ಟಿ ಇಟ್ಟಿಗೆ, ಒಂದು ದೊಡ್ಡ ಆದರೆ ಹಗುರವಾದ ಚೀಲ, ಒಂದು ಗೊಬ್ಬರದ ಚೀಲ ಇಟ್ಟಿದ್ದಳು. ಇಟ್ಟಿಗೆ ಎಂದರೆ ತೆಂಗಿನ ನಾರಿನ ಪುಡಿ ಒತ್ತಿದ್ದು, ಅದೇ ಕೋಕೋಪೀಟ್. ದೊಡ್ಡ ಚೀಲದಲ್ಲಿ ಭತ್ತದ ಹೊಟ್ಟು. ಗೊಬ್ಬರ ಎರೆಹುಳದ್ದು. ಎಲ್ಲ ಸೇರಿ ಸಾವಿರವೂ ಆಗಿಲ್ಲ. ನರ್ಸರಿಯಲ್ಲಿ ಕೆಲಸದವರಿಗೆ ಕೊಡುವ ದರ.

"ನಾರು ಬಕೆಟ್‌ನ್ಯಾಗ ನೆನಸಿ, ಎರಡ ಸಲ ತೊಳೀರಿ. ಅದರಾಗ ಉಪ್ಪು ಇರ್ತೈತಿ. ಮ್ಯಾಲ ಇದ್ದ ಹಳೆ ಮಣ್ಣು ಒಂದ ಪಾಲು, ನಾರು ಒಂದ ಪಾಲು, ಗೊಬ್ಬರ ಒಂದ ಪಾಲು, ಹೊಟ್ಟು ಅರ್ಧ. ಆ ತುಕ್ಕು ತಗದು ಒಗೀರಿ. ಬೇರಿಗೆ ತುಕ್ಕು ಕರಗೂದಿಲ್ಲ." ಒಂದು ಸಣ್ಣ ಪೊಟ್ಟಣವನ್ನೂ ಇಟ್ಟಳು. ಎಲೆಗೆ ಸಿಂಪಡಿಸುವ ಕಬ್ಬಿಣ, ಸತುವು.

ನನಗೆ ಸಿಟ್ಟು ಬಂತು. ಯಾಕೆ ಎಂದು ಹೇಳಲಾರೆ. ಆದರೆ ಹೊಟ್ಟಿನ ಚೀಲ ಒಂದು ಕೈಯಲ್ಲಿ ಎತ್ತಿ ನೋಡಿದೆ. ಎತ್ತಲು ಬಂತು. ನಾಲ್ಕು ತಿಂಗಳ ಮೇಲೆ ಒಂದು ಚೀಲ ಎತ್ತಿದೆ.

ಮಾರ್ಚ್ ೧೩

ನೋವು: ನಾಲ್ಕು.

ಐದು ಕುಂಡಗಳನ್ನು ಒಂದೊಂದೇ ತಂಬಿಗೆ ಮಣ್ಣು ತೆಗೆದು, ಒಂದೊಂದೇ ತಂಬಿಗೆ ತುಂಬಿ, ಒಂಬತ್ತು ದಿನದಲ್ಲಿ ಮುಗಿಸಿದೆ. ದಿನಕ್ಕೆ ಹನ್ನೆರಡು ಟನ್ ಇಳಿಸುತ್ತಿದ್ದ ಟೋಳಿಯ ಹಮಾಲನ ಸಾಧನೆ ಇದು.

ಪುಂಡರೀಕಾಕ್ಷರು ಕೇಳಿದರು: "ಹೊಟ್ಟು ಹಾಕಿದ್ದೀರಲ್ಲ, ಇದು ಇಂಡಿಯ ಕ್ರಮವಾ?"

"ಹೌದ್ರಿ," ಎಂದೆ.

ಕಂಚಿಯನ್ನು ಮಾತ್ರ ಮುಟ್ಟಿಲ್ಲ. ಅದು ದೊಡ್ಡ ಕೆಲಸ. ಅದಕ್ಕೆ ನನ್ನದೇ ಬೇರೆ ಯೋಚನೆ ಇದೆ.

ಮಾರ್ಚ್ ೩೧

ನೋವು: ನಾಲ್ಕು.

ಐದೂ ನಿಂಬೆಗಳಲ್ಲಿ ಹೊಸ ಚಿಗುರು. ಎರಡರಲ್ಲಿ ಮೊಗ್ಗು. ಸೊಸೈಟಿಯ ಮೀಟಿಂಗಿನಲ್ಲಿ ಪುಂಡರೀಕಾಕ್ಷರು ನೀರಿನ ಬಿಲ್ಲಿನ ವಿಷಯ ಬಿಟ್ಟು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಹಮಾರೇ ನಿಂಬೂ ಕೇ ಪಂಡಿತ್!" ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕಾಂಚನಾ ಇದ್ದಳು. ಅವಳೂ ತಟ್ಟಿದಳು. ಅವಳ ಕಡೆ ನೋಡದೆ ಕೂತೆ.

ವಾರಿಜಕ್ಕ ಮಾತ್ರ ಹೊರಗೆ ಹಿಡಿದು ನಿಲ್ಲಿಸಿದರು. "ಎಲ್ಲ ಸರಿ. ನನ್ನ ಕಂಚಿ ಎಂತ ಆಯ್ತು?"

ಏಪ್ರಿಲ್ ೭

ನೋವು: ನಾಲ್ಕು.

ಇಂದು ಕಂಚಿಗೆ ನನ್ನ ಔಷಧ ಮಾಡಿದೆ. ನಮ್ಮೂರ ಗೌಡರ ನಿಂಬೆ ತೋಟದ ಕೊಟ್ಟಿಗೆಯಲ್ಲಿ ಆಳೆತ್ತರ ಯೂರಿಯಾ ಚೀಲ ಪೇರಿಸಿರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಪನವೇಲದಿಂದ ಒಂದು ಕಿಲೋ ತಂದು ಎರಡು ಬೊಗಸೆ ಹಾಕಿದೆ. ಕಾಂಚನಾಳಿಗೆ ಹೇಳಿಲ್ಲ. ಇದೊಂದಾದರೂ ನಾನೇ ಮಾಡಿದ್ದು ಎಂದು ಇರಲಿ.

ಏಪ್ರಿಲ್ ೧೧

ಕಂಚಿಯ ಎಲೆ ಅಂಚಿನಿಂದ ಸುಟ್ಟಂತೆ ಮುದುಡಿವೆ. ಬಿಸಿಲಿಗೆ ಇರಬೇಕು.

ಏಪ್ರಿಲ್ ೧೩

ಬಿಸಿಲಿಗೆ ಅಲ್ಲ. ನಲವತ್ಮೂರು ಎಲೆ ಉದುರಿವೆ. ಯಾರಿಗೂ ಕಾಣದಂತೆ ಆರಿಸಿ ಅಂಗಿಯ ಜೇಬಿಗೆ ತುಂಬಿಕೊಂಡು ಕೆಳಗೆ ತಂದೆ. ಲಿಫ್ಟಿನಲ್ಲಿ ವಾರಿಜಕ್ಕ ಸಿಕ್ಕಿ, "ಎಂತ ಶಿವರಾಯರೇ, ನಿಂಬೆ ಘಮ ಬರ್ತಾ ಉಂಟು ನಿಮ್ಮ ಮೈಯಿಂದ," ಎಂದರು. ಖುಷಿಯಿಂದಲೇ ಎಂದರು.

ಏಪ್ರಿಲ್ ೧೪

ಬಾಬಾಸಾಹೇಬರ ಜಯಂತಿ. ಮೆರವಣಿಗೆಗೆ ಹೋದೆವು. ಪ್ರಜ್ಞಾ ನೀಲಿ ದುಪಟ್ಟಾ ಹಾಕಿಕೊಂಡು ಗೆಳತಿಯರ ಜೊತೆ ಕುಣಿದಳು. ನಾನು ಸೊಂಟದ ಪಟ್ಟಿ ಬಿಗಿದು ರಸ್ತೆಯ ಅಂಚಿನಲ್ಲಿ ಕಂಬ ಹಿಡಿದು ನಿಂತಿದ್ದೆ.

ಜೈಭೀಮ ಹೊಸ ಹುಡುಗರ ಗುಂಪಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದ: "ಹನ್ನೆರಡು ಎಂಎಂ ಕಟ್ಟು, ಪೂರಾ ಒಂದು ಟನ್ನು, ಅಣ್ಣನ ಬೆನ್ನ ಮ್ಯಾಲ ಬಿತ್ತು. ಅಣ್ಣ ಅದನ್ನ ತಡದು ಮೂರು ಮಂದಿ ಜೀವ ಉಳಿಸಿದ." ನಾನು ಬಿಟ್ಟ ಸುಳ್ಳು ಐದು ತಿಂಗಳಲ್ಲಿ ಇಷ್ಟು ಬೆಳೆದಿದೆ, ಯಾವ ಗೊಬ್ಬರವೂ ಇಲ್ಲದೆ. ಹುಡುಗರು ಬಂದು ನನ್ನ ಕೈ ಮುಟ್ಟಿ ನಮಸ್ಕರಿಸಿದರು. ನಿಂತಲ್ಲಿ ನಿಲ್ಲಲಾಗಲಿಲ್ಲ.

ಮನೆಗೆ ಬಂದು ಕಾಂಚನಾಳಿಗೆ ಹೇಳಿದೆ. ಕಂಚಿಯದು.

"ಎಷ್ಟು ಹಾಕೀರಿ?"

"ಎರಡು ಬೊಗಸಿ."

"ಎರಡು ಚಮಚಾ?"

"ಬೊಗಸಿ."

ಬೈದಿದ್ದರೆ ಚೆನ್ನಾಗಿತ್ತು. "ನಾ ನರ್ಸರಿಗೆ ಹೋಗಾಕ ಹತ್ತಿ ನಾಕು ತಿಂಗಳಾತು," ಎಂದಳು. "ಅಲ್ಲಿ ಏನ್ ಮಾಡ್ತಿ ಅಂತ ನೀವು ಒಂದ ದಿನಾನೂ ಕೇಳಿಲ್ಲ."

ಏಪ್ರಿಲ್ ೧೫

ಹೆಚ್ಚಾದ ಗೊಬ್ಬರದ ಉಪ್ಪು ತೊಳೆದು ಹೋಗುವಷ್ಟು ನೀರು ಹಾಯಿಸಬೇಕು, ಇವತ್ತೇ, ಎಂದಳು ಕಾಂಚನಾ. ಟೆರೇಸಿನ ನಲ್ಲಿಗೆ ನೀರಿಲ್ಲ, ಬೇಸಗೆ ಎಂದು ಬಂದ್ ಮಾಡಿದ್ದಾರೆ. ಹತ್ತಿರದ ನಲ್ಲಿ ಎಂದರೆ ವಾರಿಜಕ್ಕನ ಮನೆಯದು.

ಕಾಂಚನಾ ನನ್ನನ್ನು ಮುಂದೆ ನಿಲ್ಲಿಸಿ ಬೆಲ್ ಒತ್ತಿದಳು. ವಾರಿಜಕ್ಕ ಅರ್ಧ ಹೆಚ್ಚಿದ ಸೌತೆಕಾಯಿ ಹಿಡಿದು ಬಂದರು.

"ನೀರು ಬೇಕಾಗಿತ್ರಿ," ಎಂದೆ. "ಹದಿನೈದು ಬಕೆಟ್."

"ಎಂತದಕ್ಕೆ?"

"ಕಂಚಿಗಿಡಕ್ಕ. ನಾ ಅದನ್ನ ಸುಟ್ಟೀನ್ರಿ. ಗೊಬ್ಬರ ಹೆಚ್ಚ ಹಾಕಿ."

ಅವರ ಮುಖ ಬಿಳಿಚಿತು. "ನೀವು ಇಂಡಿಯವರಲ್ವಾ? ಗೊತ್ತುಂಟು ಹೇಳಿದ್ರಲ್ಲ?"

"ಇಂಡಿಯವನ ಖರೇರಿ. ತ್ವಾಟ ಗೌಡರದು. ನಾವು ಹಣ್ಣು ಹರಿಯವ್ರು. ಗೊಬ್ಬರ ಹಾಕೂದು, ನೀರು ಹಾಯ್ಸೂದು ಬ್ಯಾರೆ ಮಂದಿ. ಬಾವಿ ಕಡೆ ನಮ್ಮ ಓಣಿಯವ್ರನ್ನ ಬಿಡತಿದ್ದಿಲ್ಲ. ಯೂರಿಯಾ ಚೀಲ ಕಂಡಿದ್ದೆ, ಎಷ್ಟ ಹಾಕ್ತಾರ ಅನ್ನೂದು ಕಂಡಿದ್ದಿಲ್ಲ. ನಿಂಬಿಗಿಡದ ಮುಳ್ಳಷ್ಟ ನನಗ ಗೊತ್ತು."

"ಮತ್ತೆ ಯಾಕೆ ಹಾಗೆ ಹೇಳಿದ್ದು?"

"ಕೇಳಿದ್ರಲ್ರಿ ನನ್ನ. ಮನ್ಯಾಗ ಕುಂತ ಮ್ಯಾಲ ನನ್ನ ಯಾರೂ ಏನೂ ಕೇಳಿದ್ದಿಲ್ಲ."

ವಾರಿಜಕ್ಕ ಸೌತೆಕಾಯಿ ನೋಡಿದರು. ಆಮೇಲೆ ಒಳಗೆ ಗಂಡ ಪೇಪರ್ ಓದುತ್ತಿದ್ದ ಕಡೆ ನೋಡಿದರು. "ಇವರು ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ಭಟ್ಟರಿಗೆ ಇಡ್ಲಿ ಹೇಗೆ ಮಾಡಬೇಕು ಹೇಳಿಕೊಟ್ಟವರು. ನನಗೆ ಜ್ವರ ಬಂದಾಗ ಒಮ್ಮೆ ಇಡ್ಲಿ ಮಾಡಿದ್ರು. ಬಾಗಿಲು ಹೊಡ್ಕೊಳ್ಳದ ಹಾಗೆ ಒತ್ತು ಕೊಡ್ಲಿಕ್ಕೆ ಆಗ್ತಿತ್ತು." ನಕ್ಕರೋ ಅತ್ತರೋ ತಿಳಿಯಲಿಲ್ಲ. "ಬಕೆಟ್ ಒಳಗೆ ಉಂಟು. ಬಾ ಕಾಂಚನಾ."

ಕಾಂಚನಾ ಹೊಸ್ತಿಲಲ್ಲೇ ನಿಂತಳು. ವಾರಿಜಕ್ಕ ತಿರುಗಿ ನೋಡಿ, "ಎಂತ ನಿಂತದ್ದು? ನಲ್ಲಿ ಅಡುಗೆ ಮನೆಯಲ್ಲಿ, ಬಾ," ಎಂದರು.

ಇಬ್ಬರೂ ಸೇರಿ ಹದಿನೆಂಟು ಮೆಟ್ಟಿಲ ಮೇಲೆ ಹದಿನೈದು ಬಕೆಟ್ ಹೊತ್ತರು. ನನ್ನ ಹೆಂಡತಿ ನೀರು ಹೊರುವುದನ್ನು, ಬೇಡ ಎನ್ನದೆ, ನಿಂತು ನೋಡಿದೆ. ನನ್ನ ಕೆಲಸ ಟೆರೇಸಿನ ಬಾಗಿಲು ಹಿಡಿದುಕೊಳ್ಳುವುದು. ಬಾಗಿಲು ಎರಡು ಕಿಲೋಗಿಂತ ಹೆಚ್ಚೇ ಇರಬೇಕು, ಪುಣ್ಯಕ್ಕೆ ಅದನ್ನು ಎತ್ತಬೇಕಾಗಿರಲಿಲ್ಲ.

ಮೇ ೨

ಕಂಚಿಯ ಕೊಂಬೆಗಳು ಕಪ್ಪಾದವು.

ಮೇ ೧೧

ಕಾಂಚನಾ ಬುತ್ತಿ ಮರೆತು ಹೋಗಿದ್ದಳು. ಒಯ್ದುಕೊಟ್ಟೆ. ನರ್ಸರಿ ನೋಡಿದ್ದು ಇದೇ ಮೊದಲು. ಅವಳು ಎತ್ತರದ ಮೇಜಿನ ಮುಂದೆ ನಿಂತು ಬ್ಲೇಡಿನಿಂದ ಒಂದು ಗಿಡದ ತೊಗಟೆ ಸೀಳಿ, ಇನ್ನೊಂದರ ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಎಬ್ಬಿಸಿ ಅದರೊಳಗೆ ಕೂಡಿಸುತ್ತಿದ್ದಳು. ಸುತ್ತ ನಾಲ್ಕು ಹೆಂಗಸರು ಅವಳ ಕೈ ನೋಡುತ್ತಿದ್ದರು. ಮಾಲೀಕ ಲೀಲಾಧರ ಮಂಗಳೂರು ಕಡೆಯವರು. "ನಿಮ್ಮ ಮನೆಯವರದ್ದಾ ಬುತ್ತಿ? ಅವರಿಗೆ ಒಳ್ಳೆ ಕೈ ಮಾರಾಯ್ರೆ. ನೂರು ಕಟ್ಟಿದರೆ ಎಂಬತ್ತು ಹಿಡೀತದೆ," ಎಂದರು.

ಮನೆಗೆ ಬಂದ ಮೇಲೆ ನೂರಕ್ಕೆ ಎಂಬತ್ತು ಎಂದರೆ ಏನು ಎಂದು ಅವಳನ್ನು ಕೇಳಿದೆ. ಊಟ ಮುಗಿಯುವವರೆಗೂ ಹೇಳಿದಳು. ನಾನು ಇಷ್ಟು ಬರೆದುಕೊಂಡೆ: ಕುಂಡದ ಗಿಡಕ್ಕೆ ಹದಿನೈದು ದಿನಕ್ಕೊಮ್ಮೆ, ಯೂರಿಯಾ ಒಂದು ಚಮಚ, ನೀರಲ್ಲಿ ಕರಗಿಸಿ. ಬೇವಿನ ಹಿಂಡಿ ಒಂದು ಹಿಡಿ. ಒಣ ಮಣ್ಣಿಗೆ ಗೊಬ್ಬರ ಹಾಕಬಾರದು. ಹಸಿದವನಿಗೆ ಒಮ್ಮೆಲೇ ಉಣಬಡಿಸಬಾರದಂತೆ.

ಜೂನ್ ೪

ಕಂಚಿ ಚಿಗುರಿದೆ! ಕಾಂಡದ ಬುಡದಲ್ಲಿ ಎರಡು ಎಳೆ ಎಲೆ! ಹದಿನೆಂಟು ಮೆಟ್ಟಿಲು ಹೇಗೆ ಇಳಿದೆನೋ. ವಾರಿಜಕ್ಕನನ್ನು, ಪುಂಡರೀಕಾಕ್ಷರನ್ನು ಕರೆತಂದು ತೋರಿಸಿದೆ. ವಾರಿಜಕ್ಕ ಆ ಎಲೆಗೆ ಕೈಮುಗಿದ ಹಾಗೆ ಮಾಡಿದರು.

ಸಂಜೆ ಕಾಂಚನಾ ಬಂದು ಬಗ್ಗಿ ನೋಡಿದಳು. ಒಂದು ಎಲೆ ಕಿತ್ತು ತಿಕ್ಕಿ ಮೂಸಿದಳು. "ಇದು ಕಂಚಿ ಅಲ್ರೀ. ಕಸಿ ಗಂಟು ಮ್ಯಾಲ ಐತಿ ನೋಡ್ರಿ, ಇದು ಅದರ ಕೆಳಗ ಬಂದೈತಿ. ಕಂಚಿ ಕಸಿ ಕಟ್ಟಿದ್ರಲ್ಲ, ಆ ಬೇರಿನ ಗಿಡ ಇದು. ಕಾಡನಿಂಬಿ."

ನನ್ನ ಪಾಂಡಿತ್ಯಕ್ಕೆ ಇನ್ನೂ ಒಂದು ಮೆಟ್ಟಿಲು ಕೆಳಗಿತ್ತು ಎಂದು ಗೊತ್ತಿರಲಿಲ್ಲ.

ಕೇಳುತ್ತ ನಿಂತಿದ್ದ ವಾರಿಜಕ್ಕ ಮೆಟ್ಟಿಲ ಕಡೆ ಹೊರಟರು. ಕಾಂಚನಾ ಅವರ ಕೈ ಹಿಡಿದಳು. "ಅಕ್ಕಾರ, ಬೇರಿಗೆ ಜೀವ ಐತಿ. ಕಂಚಿದು ಒಂದು ಕಡ್ಡಿ ಸಿಕ್ರ ನಾ ಕಣ್ಣು ಕೂಡಸ್ತೀನಿ. ಅದ ಮರದ್ದು ಮತ್ತೆಲ್ಲೆರ ಐತೇನು?"

"ಉಂಟು," ಎಂದರು ವಾರಿಜಕ್ಕ. "ಎರಡು ಕಸಿ ಕಟ್ಟಿಸಿದ್ದು. ಇನ್ನೊಂದು ಕಾರ್ಕಳದಲ್ಲಿ ನನ್ನ ಅಕ್ಕ ಉಮಾವತಿಯ ಮನೆಯಲ್ಲಿ. ನಾವು ಮಾತು ಬಿಟ್ಟು ನಾಲ್ಕು ವರ್ಷ."

ಜೂನ್ ೯

ಐದು ದಿನ ವಾರಿಜಕ್ಕ ಫೋನ್ ಹಿಡಿದು ಇಟ್ಟು, ಹಿಡಿದು ಇಟ್ಟು ಮಾಡಿದರು. ಇಂದು ಮೊಸರು ಕೊಡುವ ನೆಪದಲ್ಲಿ ನಮ್ಮ ಮನೆಗೆ ಬಂದು, ಕಾಂಚನಾಳ ಪಕ್ಕ ಕೂತು ಅಕ್ಕನಿಗೆ ಫೋನ್ ಹಚ್ಚಿದರು. ತುಳುವಿನಲ್ಲಿ ಎರಡು ಮಾತು. ಆಚೆ ಕಡೆಯಿಂದ ದೊಡ್ಡ ದನಿ. ಫೋನ್ ಕೆಳಗಿಟ್ಟು ಕಣ್ಣೊರೆಸಿಕೊಂಡರು.

"ಏನಂದ್ರು?" ಎಂದೆ.

"ನಾಲ್ಕು ವರ್ಷದ ಮೇಲೆ ಮೊದಲ ಮಾತು, 'ಕೊಂದು ಹಾಕಿದೆಯಾ?' ಅಂತ. ಆಮೇಲೆ, 'ಎಷ್ಟು ಕಡ್ಡಿ ಬೇಕು?' ಅಂತ."

ನಾನು ಕೊಂದದ್ದು ಎಂದು ಅವರು ಅಕ್ಕನಿಗೆ ಹೇಳಲಿಲ್ಲ. ನಾನೇ ಫೋನ್ ಇಸಿದುಕೊಂಡು ಹೇಳಬೇಕಿತ್ತು. ತುಳು ಬರುವುದಿಲ್ಲ ಎಂದು ಸುಮ್ಮನಾದೆ. ಅವರಿಗೆ ಕನ್ನಡ ಬರುತ್ತದೆ ಎಂದು ಆಮೇಲೆ ಹೊಳೆಯಿತು.

ಜೂನ್ ೧೩

ಕಾರ್ಕಳದ ಬಸ್ಸು ಬೆಳಿಗ್ಗೆ ಕಳಂಬೋಲಿಗೆ ಬಂತು. ಒದ್ದೆ ಬಟ್ಟೆಯಲ್ಲಿ, ಅದರ ಮೇಲೆ ಬಾಳೆಎಲೆಯಲ್ಲಿ ಸುತ್ತಿದ ಆರು ಕಡ್ಡಿ. ಕಾಲು ಕಿಲೋ ಇಲ್ಲ. ಎರಡೂ ಕೈಯಲ್ಲಿ ಹಿಡಿದು ನಡೆದೆ.

ದಾರಿಯಲ್ಲೇ ನಮ್ಮ ಗೋದಾಮು. ಟೋಳಿ ಚಹಾಕ್ಕೆ ಕೂತಿತ್ತು. ಜೈಭೀಮ ಹೊಸಬರಿಗೆ ಮತ್ತೆ ಆ ಒಂದು ಟನ್ನಿನ ಕಥೆ ಶುರುಮಾಡಿದ, ಈ ಸಲ ನಾನು ಉಳಿಸಿದವರು ಐದು ಮಂದಿ. "ತಂಬಾಕದ ಡಬ್ಬಿ ಎತ್ತಾಕ ಹೋಗಿ ಬೆನ್ನು ಹಿಡೀತೋ," ಎಂದೆ. ಎಲ್ಲರೂ ಚಹಾ ಮೂಗಿಗೆ ಹತ್ತುವಂತೆ ನಕ್ಕರು. ಜೈಭೀಮನೇ ಹೆಚ್ಚು ನಕ್ಕ. ಮುಕಾದಮ ಬಂದು, ಮುಂದಿನ ತಿಂಗಳಿಂದ ಮಾಲು ಎಣಿಸಿ ಬರೆಯುವ ಕೆಲಸವಿದೆ, ಕೂತು ಮಾಡುವಂಥದ್ದು, ಬರುತ್ತೀಯಾ, ಕೂತು ಮಾತಾಡೋಣ ಎಂದ. "ನಾಳೆ ಬರ್ತೀನ್ರಿ, ಈಗ ಕಡ್ಡಿ ಒಣಗ್ತಾವ," ಎಂದು ಬಂದುಬಿಟ್ಟೆ.

ಕಾಂಚನಾ ಅರ್ಧ ದಿನ ರಜೆ ಹಾಕಿದ್ದಳು. ಒಣಗಿದ ಕಂಚಿಯನ್ನು ಕಸಿ ಗಂಟಿನ ಬಳಿ ಕೊಯ್ದಳು. ಕೆಳಗಿನ ಹೆಬ್ಬೆರಳು ದಪ್ಪದ ಕಾಂಡದಲ್ಲಿ ಮೂರು ಕಡೆ ತೊಗಟೆ ಸೀಳಿ ಮೂರು ಕಣ್ಣು ಕೂಡಿಸಿ ಪಟ್ಟಿ ಸುತ್ತಿದಳು. ನಾನು ಅಲುಗದಂತೆ ಕಾಂಡ ಹಿಡಿದಿದ್ದೆ. "ಉಸಿರಾಡ್ರಿ," ಎಂದಳು ನಡುವೆ. ಉಸಿರಾಡುವುದನ್ನೇ ಮರೆತಿದ್ದೆನಂತೆ.

ಡ್ರಮ್ಮಿನ ಮಣ್ಣನ್ನೂ ಬದಲಿಸಿದೆವು. ಅವಳು ಚೀಲ ಎತ್ತಿ ಸುರಿದಳು, ನಾನು ಬೆರೆಸಿದೆ. ಹೊಟ್ಟು ಅರ್ಧ ಪಾಲು ಹೆಚ್ಚು ಹಾಕೋಣವೇ, ಮಳೆಗಾಲ ಅಲ್ಲವೇ ಎಂದು ಕೇಳಿದೆ. ಯೋಚಿಸಿ, "ಹಾಕ್ರಿ," ಎಂದಳು.

ಜುಲೈ ೪

ಮೂರು ವಾರ ತುಂಬಿತು. ಬೆಳಿಗ್ಗೆ ರೊಟ್ಟಿ ಬಡಿದು (ಪ್ರಜ್ಞಾಳ ಪ್ರಕಾರ ಆಕಾರ ಮಹಾರಾಷ್ಟ್ರದ ನಕ್ಷೆಯದು) ಮೂವರ ಡಬ್ಬಿ ಕಟ್ಟಿದೆ. ಈ ತಿಂಗಳು ಶುರುವಾದ ನನ್ನ ಮಾಲು ಎಣಿಸುವ ಕೆಲಸ ಮಧ್ಯಾಹ್ನದ ಪಾಳಿಯದು, ಕಾಂಚನಾಳಿಗೂ ಅರ್ಧ ದಿನ ರಜೆ, ಅಷ್ಟರಲ್ಲಿ ಪಟ್ಟಿ ಬಿಚ್ಚಿ ನೋಡಿಬಿಡೋಣ ಎಂದು ಎಲ್ಲರೂ ಮೇಲೆ ಹೋದೆವು. ಪುಂಡರೀಕಾಕ್ಷರು ದೂರದಲ್ಲೇ ನಿಂತರು. ಬಿಪಿ ಏರುತ್ತದಂತೆ.

ಕಣ್ಣು ಕೂಡಿಸುವಾಗ ಎಲೆ ಕತ್ತರಿಸಿ ಅದರ ತೊಟ್ಟನ್ನು ಮಾತ್ರ ಬಿಟ್ಟಿದ್ದಳು ಕಾಂಚನಾ. ಮೊದಲ ಪಟ್ಟಿ ಬಿಚ್ಚಿದಳು. ಕಣ್ಣು ಕಪ್ಪಗಾಗಿತ್ತು. ಎರಡನೆಯದೂ ಕಪ್ಪು. ವಾರಿಜಕ್ಕ ಸೆರಗು ಬಾಯಿಗೆ ಹಿಡಿದರು.

ಮೂರನೆಯದು ಬಿಚ್ಚಿ ಕಾಂಚನಾ ಹಿಂದೆ ಸರಿದಳು. "ನೀವು ಮುಟ್ರಿ. ತೊಟ್ಟು ಹಗೂರಕ ಮುಟ್ರಿ."

"ನಾ ಬ್ಯಾಡ," ಎಂದೆ. "ಈ ಗಿಡಕ್ಕ ನನ್ನ ಕೈ ಆಗಿ ಬರೂದಿಲ್ಲ."

"ಮುಟ್ರಿ ಅಂದ್ರ."

ತೋರುಬೆರಳ ತುದಿಯಿಂದ ಮುಟ್ಟಿದೆ. ಮುಟ್ಟಿದ್ದೂ ಹೌದೋ ಅಲ್ಲವೋ. ತೊಟ್ಟು ಪಟ್ಟನೆ ಕಳಚಿ ನನ್ನ ಅಂಗೈಗೆ ಬಿತ್ತು.

"ತಪ್ಪಾತ್ರಿ ಅಕ್ಕಾರ," ಎಂದೆ. "ನಾ ಒತ್ತಿಲ್ರಿ. ಖರೇ, ಒತ್ತಿಲ್ಲ. ಹೇಳಿದ್ನಲ್ಲ ಇವಳಿಗೆ ನಾ ಬ್ಯಾಡ ಅಂತ..."

ಕಾಂಚನಾ ನಗಲು ಶುರುಮಾಡಿದ್ದಳು. ಮದುವೆಯಾದ ಹೊಸತರಲ್ಲಿ ಹೀಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. "ಬೀಳಬೇಕ್ರೀ ಅದು! ಕಣ್ಣಿಗೆ ಜೀವ ಇದ್ರ ತೊಟ್ಟು ತಾನ ಕಳಚತೈತಿ. ಸತ್ತಿದ್ರ ಒಣಗಿ ಅಂಟ್ಕೊಂಡ ಇರ್ತೈತಿ. ಅಲ್ಲಿ ನೋಡ್ರಿ."

ನೋಡಿದೆ. ತೊಟ್ಟು ಇದ್ದ ಜಾಗದ ಮೇಲೆ ಎಳ್ಳಿನಷ್ಟು ಹಸಿರು.

ವಾರಿಜಕ್ಕ ಆಗಲೇ ಫೋನಿನಲ್ಲಿ ಅಕ್ಕನ ಜೊತೆ ತುಳುವಿನಲ್ಲಿ ಜಗಳದಂಥ ದನಿಯಲ್ಲಿ ಸಂತೋಷ ಪಡುತ್ತಿದ್ದರು. ನಾನು ಕೇಳಿ ಇಸಿದುಕೊಂಡೆ. "ನಮಸ್ಕಾರ್ರಿ ಉಮಾವತಿಯಕ್ಕಾರ," ಎಂದೆ ಕನ್ನಡದಲ್ಲೇ. "ಅವತ್ತ ಗಿಡ ಕೊಂದಾವ ನಾನ್ರಿ. ನಿಮ್ಮ ತಂಗಿ ಅಲ್ಲ."

"ಹಾಗಾದ್ರೆ ಅವಳಿಗೆ ಸುಮ್ಮನೆ ಬೈದದ್ದಾ ನಾನು?" ಎಂದರು. "ಪರವಾಗಿಲ್ಲ. ಹಳೇದಕ್ಕೆ ಜಮಾ ಆಯ್ತು."

ಅಷ್ಟರಲ್ಲಿ ಮಳೆ ಬಂತು, ದೊಡ್ಡ ಹನಿ. ಎಲ್ಲರೂ ಬಾಗಿಲ ಕಡೆ ಓಡಿದರು. ಮೂಲೆಯಲ್ಲಿ ಪುಂಡರೀಕಾಕ್ಷರ ಕೊಡೆ ಇತ್ತು. ಬಿಚ್ಚಿ ಆ ಎಳ್ಳಿನಷ್ಟು ಹಸಿರಿನ ಮೇಲೆ ಹಿಡಿದು ನಿಂತೆ. ನನ್ನ ಬೆನ್ನೆಲ್ಲ ತೊಯ್ದು ಹೋಯಿತು.

"ಗಿಡಕ್ಕ ಮಳಿ ಬೇಕ್ರೀ," ಎಂದು ಕಾಂಚನಾ ಬಾಗಿಲಿಂದ ಕೂಗಿದಳು. "ಕೊಡಿ ಬೇಕಾಗಿದ್ದು ನಿಮಗ. ಒಳಗ ಬರ್ರಿ."

ಹೋದೆ. ಡಬ್ಬಿ ತೆಗೆದುಕೊಂಡು ಇಬ್ಬರೂ ಒಂದೇ ರಿಕ್ಷಾದಲ್ಲಿ ಹೊರಟೆವು. ಅವಳು ನರ್ಸರಿಯ ಬಳಿ ಇಳಿದಳು, ನಾನು ಗೋದಾಮಿಗೆ ಮುಂದೆ ಹೋದೆ.